ಒಂದು ಕಾದಂಬರಿ, ಒಂದು ಮಳೆಗಾಲ: ಮೇಲ್ಮಟ್ಟದ ಇಂಗ್ಲಿಷ್ ಪದಗಳನ್ನು ಕಲಿಯುವ ಬಗೆ

“ಇಂಗ್ಲಿಷ್ ಪೇಪರ್ ಓದಿದ್ರೆ ಅರ್ಥ ಆಗುತ್ತೆ. ಬರೆಯೋಕೆ ಕೂತ್ರೆ ಮಾತ್ರ ಗುಡ್, ಬ್ಯಾಡ್, ವೆರಿ ನೈಸ್ ಬಿಟ್ಟು ಬೇರೆ ಪದ ಬರಲ್ಲ. ಏನು ಮಾಡ್ಬೇಕು?”

ಮಡಿಕೇರಿಯ ಡಿಗ್ರಿ ವಿದ್ಯಾರ್ಥಿಗಳು ಇದನ್ನು ಕೇಳುತ್ತಾರೆ. ಐಇಎಲ್‌ಟಿಎಸ್ (ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ಬರೆಯಲು ಹೊರಟ ನರ್ಸ್‌ಗಳು, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಸೋಮವಾರಪೇಟೆ ಕಡೆಯವರು, ಹೋಂಸ್ಟೇ ನಡೆಸುವವರೂ ಕೇಳುತ್ತಾರೆ. ಹೆಚ್ಚಿನವರು ಅಷ್ಟರಲ್ಲಿ ಒಂದು ಪದಪಟ್ಟಿಯ ಪುಸ್ತಕ ಕೊಂಡು, ‘ಎ’ ಅಕ್ಷರ ಮುಗಿಸಿ, ‘ಬಿ’ ಹತ್ತಿರ ನಿಲ್ಲಿಸಿರುತ್ತಾರೆ. ತಪ್ಪು ಅವರದಲ್ಲ. ಪಟ್ಟಿಯಲ್ಲಿ ಪದಕ್ಕೆ ಅರ್ಥವಿರುತ್ತದೆ, ನೆಂಟರಿಷ್ಟರು ಇರುವುದಿಲ್ಲ. ಆ ಪದ ಯಾವುದರ ಪಕ್ಕ ಕೂರುತ್ತದೆ, ಎಂಥವರ ಬಾಯಲ್ಲಿ ಬರುತ್ತದೆ, ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದು ಪಟ್ಟಿಯಿಂದ ತಿಳಿಯದು. ಕಾದಂಬರಿಯಿಂದ ತಿಳಿಯುತ್ತದೆ.

ಆದ್ದರಿಂದ ಎಲ್ಲರಿಗೂ ನಾನು ಕೊಡುವ ಉತ್ತರ ಒಂದೇ: ಒಂದು ಕಾದಂಬರಿ ಹಿಡಿಯಿರಿ, ಕೆಲವೇ ಪದಗಳನ್ನು ಆರಿಸಿ, ಅವುಗಳನ್ನು ನಿಮ್ಮ ಊರಿನ ಸಂಗತಿಗಳ ಮೇಲೆ ಬಳಸಿ. ಇದನ್ನು ಮಾಡುವುದು ಹೇಗೆಂದು ಹಂತಹಂತವಾಗಿ ಬರೆದಿದ್ದೇನೆ.

ಉದಾಹರಣೆಗೆ ಆರ್ಥರ್ ಕಾನನ್ ಡಾಯ್ಲ್ ಬರೆದ ‘ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್’ ಕಾದಂಬರಿಯನ್ನು ತೆಗೆದುಕೊಂಡಿದ್ದೇನೆ. ಪುಸ್ತಕವಾಗಿ ಬಂದದ್ದು 1902ರಲ್ಲಿ. ಷರ್ಲಾಕ್ ಹೋಮ್ಸ್ ಪತ್ತೇದಾರಿಕೆಯ ಕಥೆ, 15 ಅಧ್ಯಾಯಗಳು. ಕಥೆಯ ಬಹುಭಾಗ ನಡೆಯುವುದು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಡಾರ್ಟ್‌ಮೂರ್ ಎಂಬ ಬೋಳುಗುಡ್ಡದ ಸೀಮೆಯಲ್ಲಿ. ಮಂಜು, ಕೆಸರು, ಹಳೆಯ ದೊಡ್ಡಮನೆ, ಮನೆತನದ ಕಥೆಗಳು, ಆಸ್ತಿಗೆ ವಾರಸುದಾರ ಯಾರು ಎಂಬ ಪ್ರಶ್ನೆ: ಕೊಡಗಿನಲ್ಲಿ ಕೂತು ಓದುವವರಿಗೆ ಇದ್ಯಾವುದೂ ಹೊಸದಲ್ಲ. ಜೊತೆಗೆ ಮುಂದೇನಾಯಿತು ಎಂಬ ಕುತೂಹಲ ಪುಸ್ತಕ ಕೆಳಗಿಡಲು ಬಿಡುವುದಿಲ್ಲ. ನಿಮಗೆ ಬೇರೆ ಕಾದಂಬರಿ ಇಷ್ಟವಾದರೆ ಅದನ್ನೇ ಹಿಡಿಯಿರಿ. ವಿಧಾನ ಬದಲಾಗುವುದಿಲ್ಲ.

ಇಲ್ಲಿ ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ, ಉಚ್ಚಾರಕ್ಕೆ ಹತ್ತಿರವಾಗಿ ಬರೆದಿದ್ದೇನೆ. ಅವುಗಳ ಸ್ಪೆಲ್ಲಿಂಗನ್ನು ಪುಸ್ತಕದಲ್ಲೋ ನಿಘಂಟಿನಲ್ಲೋ ನೀವೇ ಹುಡುಕಿ ಬರೆದುಕೊಳ್ಳಿ. ಹಾಗೆ ಹುಡುಕಿದ ಸ್ಪೆಲ್ಲಿಂಗ್ ಬೇಗ ಮರೆಯುವುದಿಲ್ಲ.

ಹಂತ 1: ಪುಸ್ತಕ ನಿಮ್ಮ ಅಳತೆಗೆ ಒಪ್ಪುತ್ತದೆಯೇ ನೋಡಿ

ಪುಸ್ತಕದ ನಡುವಿನ ಯಾವುದಾದರೂ ಒಂದು ಪುಟ ತೆರೆಯಿರಿ. ಸುಮಾರು 300 ಪದಗಳ ಪುಟವಿರಲಿ. ಗೊತ್ತಿಲ್ಲದ ಪದಗಳನ್ನು ಎಣಿಸಿ. ಊರಿನ ಹೆಸರು, ಜನರ ಹೆಸರು ಲೆಕ್ಕಕ್ಕಿಲ್ಲ.

6ರೊಳಗೆ ಬಂದರೆ ಆ ಪುಸ್ತಕವನ್ನು ನೀವು ಆರಾಮಾಗಿ ಓದಬಲ್ಲಿರಿ. 6ರಿಂದ 15ರವರೆಗೆ ಬಂದರೆ ಪದ ಕಲಿಯಲು ಅದೇ ಸರಿಯಾದ ಪುಸ್ತಕ. 15 ದಾಟಿದರೆ ಸದ್ಯಕ್ಕೆ ಬೇಡ. ‘ಗ್ರೇಡೆಡ್ ರೀಡರ್’, ಅಂದರೆ ಕಲಿಯುವವರ ಮಟ್ಟಕ್ಕೆ ತಕ್ಕಂತೆ ಸರಳಗೊಳಿಸಿದ ಆವೃತ್ತಿ ಸಿಗುತ್ತದೆ. ಒಂದೆರಡು ತಿಂಗಳು ಅದನ್ನು ಓದಿ, ಆಮೇಲೆ ಮೂಲಕ್ಕೆ ಬನ್ನಿ. ಇದರಲ್ಲಿ ನಾಚಿಕೆಯ ಮಾತಿಲ್ಲ.

6ರ ಅಂಕಿಗೆ ಆಧಾರವಿದೆ: 300ರಲ್ಲಿ 6 ಎಂದರೆ 100ಕ್ಕೆ 2. ಪದಕಲಿಕೆಯ ಬಗ್ಗೆ ಬಹಳ ಕೆಲಸ ಮಾಡಿದ ನ್ಯೂಜಿಲೆಂಡಿನ ವಿದ್ವಾಂಸ ಪಾಲ್ ನೇಷನ್, ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು 100ರಲ್ಲಿ 98 ಪದ ಗೊತ್ತಿರಬೇಕೆಂದು ಇಟ್ಟುಕೊಂಡು 2006ರಲ್ಲಿ ಲೆಕ್ಕ ಹಾಕಿದರು. ಇಂಗ್ಲಿಷ್ ಕಾದಂಬರಿಗಳಿಗೆ ಎಂಟರಿಂದ ಒಂಬತ್ತು ಸಾವಿರ ‘ವರ್ಡ್ ಫ್ಯಾಮಿಲಿ’ ಬೇಕಾಗುತ್ತದೆ ಎಂದು ಅವರಿಗೆ ಕಂಡಿತು. ‘ವರ್ಡ್ ಫ್ಯಾಮಿಲಿ’ ಎಂದರೆ ಒಂದೇ ಬೇರಿನಿಂದ ಹುಟ್ಟಿದ ಪದಗಳ ಗುಂಪು. ನಮ್ಮಲ್ಲಿ ಇದನ್ನು ವಿವರಿಸುವುದು ಸುಲಭ: ಅದು ಪದಗಳ ಒಕ್ಕ, ಅಂದರೆ ಕೊಡವರಲ್ಲಿ ಒಂದೇ ಮನೆತನದವರ ಬಳಗ ಇದ್ದಂತೆ. ತಪ್ಪು ಎಂಬ ಅರ್ಥದ ಸುತ್ತ ಇರುವ ‘ಎರ್’, ‘ಎರರ್’, ‘ಇರೋನಿಯಸ್’, ‘ಇರೋನಿಯಸ್ಲಿ’ ನಾಲ್ಕೂ ಒಂದೇ ಒಕ್ಕದವು. ಒಂದರ ಪರಿಚಯವಾದರೆ ಉಳಿದವು ಗುರುತು ಹಿಡಿಯುತ್ತವೆ.

ಹಂತ 2: ಬೇಕಾದ ಸಾಮಾನು ಜೋಡಿಸಿಕೊಳ್ಳಿ

ಪುಸ್ತಕ, ಒಂದು ನೋಟ್‌ಬುಕ್, ಪೆನ್ಸಿಲ್, ಎರಡು ನಿಘಂಟು. ಇಷ್ಟು ಸಾಕು.

ಈ ಕಾದಂಬರಿಯ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಕಾಸಿಲ್ಲದೆ, ಕಾನೂನುಬದ್ಧವಾಗಿ ಇಳಿಸಿಕೊಳ್ಳಬಹುದು. ಲಿಬ್ರಿವಾಕ್ಸ್‌ನಲ್ಲಿ ಓದಿದ ಧ್ವನಿಯೂ ಉಚಿತ. ಎರಡನ್ನೂ ಮಳೆ ಹಿಡಿಯುವ ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ. ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಅದರ ಹಿಂದೆಯೇ ನೆಟ್‌ವರ್ಕೂ ಹೋದಾಗ ಪರದಾಡಬೇಕಾಗಿಲ್ಲ. ಅಚ್ಚಾದ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ವಿಚಾರಿಸಿ ನೋಡಿ. ಗ್ರಂಥಾಲಯದ ಪುಸ್ತಕವಾದರೆ ಅದರಲ್ಲಿ ಗುರುತು ಹಾಕಬೇಡಿ, ಪುಟದ ನಡುವೆ ಚೀಟಿ ಇಡಿ.

ನಿಘಂಟುಗಳಲ್ಲಿ ಒಂದು ‘ಲರ್ನರ್ಸ್ ಡಿಕ್ಷನರಿ’ ಆಗಿರಲಿ. ಇಂಗ್ಲಿಷ್ ತಾಯ್ನುಡಿಯಲ್ಲದವರಿಗೆಂದೇ ಮಾಡಿದ, ಸುಲಭ ಪದಗಳಲ್ಲಿ ಅರ್ಥ ಹೇಳುವ ನಿಘಂಟು ಅದು. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡರದೂ ಅಂತರ್ಜಾಲದಲ್ಲಿ ಉಚಿತವಾಗಿವೆ. ಪದದ ಪಕ್ಕದ ಸ್ಪೀಕರ್ ಗುರುತು ಒತ್ತಿದರೆ ಉಚ್ಚಾರ ಕೇಳಿಸುತ್ತದೆ. ಇನ್ನೊಂದು ಇಂಗ್ಲಿಷ್–ಕನ್ನಡ ನಿಘಂಟು. ಮೈಸೂರು ವಿಶ್ವವಿದ್ಯಾನಿಲಯದ್ದಾಗಲಿ, ಜಿ. ವೆಂಕಟಸುಬ್ಬಯ್ಯನವರದಾಗಲಿ ಸರಿ. ಮನೆಯಲ್ಲಿ ಕಿಟೆಲ್ ನಿಘಂಟು ಇದ್ದರೆ ಅದನ್ನೂ ಹತ್ತಿರ ಇಟ್ಟುಕೊಳ್ಳಿ. ಮಂಗಳೂರು, ಧಾರವಾಡಗಳ ಜೊತೆಗೆ ನಮ್ಮ ಮಡಿಕೇರಿಯಲ್ಲೂ ಕೆಲಸ ಮಾಡಿದ್ದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರದ್ದು. ಈ ಕಾದಂಬರಿಗೂ ಅದಕ್ಕೂ ಎಂಟೇ ವರ್ಷದ ಅಂತರ. ಹಾಗಾಗಿ ಅಲ್ಲಿನ ಇಂಗ್ಲಿಷ್ ಈ ಕಾದಂಬರಿಯ ಕಾಲದ ಇಂಗ್ಲಿಷೇ. ಕನ್ನಡ ಪದ ತಲೆಯಲ್ಲಿದ್ದು ಅದರ ಇಂಗ್ಲಿಷ್ ಛಾಯೆಗಳು ಬೇಕೆನಿಸಿದಾಗ ನನಗೆ ಅದು ಬಹಳ ನೆರವಾಗಿದೆ.

ಎಚ್ಚರಿಕೆ: ಪದದ ಮೇಲೆ ಬೆರಳಿಟ್ಟ ಕೂಡಲೇ ಕನ್ನಡ ತೋರಿಸುವ ಅನುವಾದದ ಆ್ಯಪ್ ಈ ಕೆಲಸಕ್ಕೆ ಬೇಡ. ಕಾರಣ 5ನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 3: ಮೊದಲ ಓದಿನಲ್ಲಿ ನಿಲ್ಲಬೇಡಿ

ವಾರಕ್ಕೆ ಒಂದು ಅಧ್ಯಾಯ. ಜೂನ್ ಮೊದಲ ವಾರ ಶುರು ಮಾಡಿದರೆ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಕೊನೆಯ ಎರಡು ಅಧ್ಯಾಯ ಉಳಿದಿರುತ್ತವೆ.

ಮೊದಲ ದಿನ ಇಡೀ ಅಧ್ಯಾಯವನ್ನು ಕಥೆಗಾಗಿ ಮಾತ್ರ ಓದಿ. ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲ್ಲಿನಿಂದ ಒಂದು ಚುಕ್ಕಿ ಇಟ್ಟು ಮುಂದೆ ಹೋಗಿ. ನಿಘಂಟು ಮುಟ್ಟಬೇಡಿ. ಸಾಲಿಗೊಮ್ಮೆ ನಿಂತು ಅರ್ಥ ಹುಡುಕುವವರು ಎರಡನೆಯ ಅಧ್ಯಾಯಕ್ಕೇ ಪುಸ್ತಕ ಬಿಡುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕಥೆ ಕೈಬಿಟ್ಟರೆ ಪದಗಳೂ ಕೈಬಿಡುತ್ತವೆ.

ಹಂತ 4: ಚುಕ್ಕಿ ಇಟ್ಟದ್ದನ್ನೆಲ್ಲ ಕಲಿಯಬೇಡಿ

ಎರಡನೆಯ ದಿನ ಚುಕ್ಕಿಗಳನ್ನು ಎಣಿಸಿದರೆ ಅರವತ್ತು ಎಪ್ಪತ್ತು ಇರಬಹುದು. ಅದರಲ್ಲಿ ಎಂಟನ್ನು ಆರಿಸಿ. ಎಂಟೇ. ಮೊದಲು ಮೂರು ಪಾಲು ಮಾಡಿ.

ಬಿಡುವ ಪದಗಳು: ‘ಹ್ಯಾನ್ಸಮ್’, ‘ವ್ಯಾಗನೆಟ್’ ಇವು ಆಗಿನ ಕಾಲದ ಕುದುರೆಗಾಡಿಗಳ ಹೆಸರು. ‘ಬ್ಯಾರೊನೆಟ್’ ಒಂದು ಬಿರುದು. ಗಾಡಿ ಎಂದೋ ಬಿರುದು ಎಂದೋ ತಿಳಿದರೆ ಸಾಕು.

ಗುರುತಿಗೆ ಮಾತ್ರ ಸಾಕಾಗುವ ಪದಗಳು: ‘ಮೂರ್’, ‘ಮೈಯರ್’, ‘ಟಾರ್’. ಕಥೆಯ ತುಂಬ ಬರುತ್ತವೆ, ಓದುವಾಗ ಕಣ್ಣಿಗೆ ಕಟ್ಟಬೇಕು. ನೀವು ಬರೆಯುವ ಅರ್ಜಿಯಲ್ಲಿ ಎಂದೂ ಬರಲಾರವು. ‘ಮೈಯರ್’ ಎಂದರೆ ಕಾಲಿಟ್ಟರೆ ಒಳಗೆಳೆಯುವ ಹುದುಲು. ನಾಗರಹೊಳೆಯ ಕಡೆ ಹಡ್ಲು ಎನ್ನುತ್ತಾರಲ್ಲ, ಆ ಜೌಗು ಬಯಲನ್ನು ನೆನಪಿಗೆ ತಂದುಕೊಳ್ಳಿ. ‘ಟಾರ್’ ಗುಡ್ಡದ ನೆತ್ತಿಯಲ್ಲಿ ಎದ್ದು ನಿಂತ ಬಂಡೆಗುಪ್ಪೆ. ‘ಮೂರ್’ ಎಂದಾಗ ತಡಿಯಂಡಮೋಳಿನ ಮೇಲ್ಭಾಗದ ಹುಲ್ಲುಗುಡ್ಡ ಕಣ್ಣಿಗೆ ಬಂದರೆ ಅರ್ಧ ಸರಿ. ಗಾಳಿ, ಮಂಜು, ಮರವಿಲ್ಲದ ಬಯಲು ಎರಡೂ ಕಡೆ ಒಂದೇ. ಆದರೆ ಮೂರ್‌ನಲ್ಲಿ ನಮ್ಮ ಹುಲ್ಲುಗಾವಲಿನ ಮಡಿಲಿನ ಶೋಲಾ ಕಾಡು ಇಲ್ಲ. ಅಲ್ಲಿರುವುದು ಪೊದೆಗಳು ಮತ್ತು ಕೊಳೆತ ಸಸ್ಯಗಳಿಂದ ಆದ ಕಪ್ಪು ನೆಲ.

ಕೈವಶ ಮಾಡಿಕೊಳ್ಳುವ ಪದಗಳು: ‘ಇರೋನಿಯಸ್’ (ತಪ್ಪಾದ), ‘ಫ್ಯಾಲಸಿ’ (ತಪ್ಪು ತರ್ಕ), ‘ಏಮಿಯಬಲ್’ (ಸ್ನೇಹದ ಸ್ವಭಾವದ), ‘ಡೆಸಲಟ್’, ‘ಮೆಲಂಕಲಿ’ (ವಿಷಾದ ತುಂಬಿದ), ‘ಡಿಡ್ಯೂಸ್’ ಇಂಥವು. ಪತ್ರಿಕೆಯಲ್ಲೂ ಪರೀಕ್ಷೆಯಲ್ಲೂ ಮಾತಿನಲ್ಲೂ ಬರುವಂಥವು. ನಿಮ್ಮ ಎಂಟು ಪದ ಈ ಗುಂಪಿನಿಂದ ಬರಲಿ.

ಓದಿದಾಗ ತಿಳಿಯುವ ಪದಕ್ಕೂ ಬೇಕೆಂದಾಗ ನಾಲಿಗೆಗೆ ಬರುವ ಪದಕ್ಕೂ ವ್ಯತ್ಯಾಸವಿದೆ. ಮೊದಲನೆಯದನ್ನು ‘ಪ್ಯಾಸಿವ್’, ಎರಡನೆಯದನ್ನು ‘ಆ್ಯಕ್ಟಿವ್’ ಪದಸಂಪತ್ತು ಎನ್ನುತ್ತಾರೆ. ಕನ್ನಡದಲ್ಲೂ ಹಾಗೆಯೇ. ‘ಇನಿತು’ ಎಂದರೆ ನಮಗೆ ತಿಳಿಯುತ್ತದೆ, ಅಂಗಡಿಯಲ್ಲಿ ‘ಇನಿತು ಸಕ್ಕರೆ ಕೊಡಿ’ ಎನ್ನುವುದಿಲ್ಲ. ಎಲ್ಲ ಪದವನ್ನೂ ಎರಡನೆಯ ಗುಂಪಿಗೆ ಎಳೆಯಲು ಹೋದವರು ದಣಿದು ಬಿಡುತ್ತಾರೆ.

ಹಂತ 5: ಮೊದಲು ಊಹಿಸಿ, ಆಮೇಲೆ ನಿಘಂಟು ತೆರೆಯಿರಿ

ಆರಿಸಿದ ಪದದ ಹಿಂದಿನ ಸಾಲು, ಮುಂದಿನ ಸಾಲು ಮತ್ತೆ ಓದಿ. ಪದವನ್ನು ಒಡೆದು ನೋಡಿ. ನಿಮ್ಮ ಊಹೆಯನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆಯಿರಿ. ಅದಾದ ಮೇಲೆ ನಿಘಂಟು. ಊಹೆ ತಪ್ಪಾದರೂ ಚಿಂತೆಯಿಲ್ಲ, ತಪ್ಪಿದ ಊಹೆಯೇ ಸರಿಯಾದ ಅರ್ಥವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ.

ಈ ಕಾದಂಬರಿಯ ಮೊದಲ ವಾಕ್ಯದಲ್ಲೇ ಎರಡು ಒಳ್ಳೆಯ ಪಾಠಗಳಿವೆ. ಒಂದು, ‘ನಾಟ್ ಇನ್‌ಫ್ರೀಕ್ವೆಂಟ್’. ‘ಫ್ರೀಕ್ವೆಂಟ್’ ಎಂದರೆ ಆಗಾಗ ಆಗುವ. ಮುಂದೆ ‘ಇನ್’ ಬಂದರೆ ಅಪರೂಪದ. ಅದಕ್ಕೂ ಮುಂದೆ ‘ನಾಟ್’ ಬಂದರೆ ಅಪರೂಪವೇನಲ್ಲದ. ಎರಡು ಅಲ್ಲಗಳೆತ ಸೇರಿ ಮೆಲ್ಲನೆ ಹೌದೆನ್ನುವ ಈ ರೀತಿ ನಮಗೆ ಚೆನ್ನಾಗಿ ಗೊತ್ತು. ‘ಅವನೇನು ದಡ್ಡನಲ್ಲ’ ಎಂದಾಗ ನಾವು ಹೇಳುತ್ತಿರುವುದು ಅವನು ಚುರುಕು ಎಂದೇ ಅಲ್ಲವೇ? ಇಂಗ್ಲಿಷಿನಲ್ಲೂ ಆ ತೂಕ ಅಷ್ಟೇ.

ಎರಡನೆಯದು ‘ಸೇವ್’. ಅನುವಾದದ ಆ್ಯಪ್‌ನಲ್ಲಿ ಒತ್ತಿದರೆ ‘ಉಳಿಸು’ ಎಂದು ಬರುತ್ತದೆ. ಆ ವಾಕ್ಯದಲ್ಲಿ ಯಾರೂ ಏನನ್ನೂ ಉಳಿಸುತ್ತಿಲ್ಲ. ಅಲ್ಲಿ ಅದರ ಅರ್ಥ ‘ಹೊರತು’, ‘ಬಿಟ್ಟರೆ’.

ಇಲ್ಲಿ ನಿಮಗೆ ಮುಖ್ಯವಾದ ಒಂದು ಅಪಾಯ ಹೇಳಬೇಕು. ಗೊತ್ತಿಲ್ಲದ ಪದಕ್ಕೆ ಚುಕ್ಕಿ ಇಡುತ್ತೀರಿ. ಗೊತ್ತಿದೆ ಎಂದುಕೊಂಡ ಪದಕ್ಕೆ ಇಡುವುದೇ ಇಲ್ಲ. ಹಳೆಯ ಕಾದಂಬರಿಗಳಲ್ಲಿ ಎಡವುವುದು ಇಂಥ ಕಡೆ. ‘ಸಿಂಗ್ಯುಲರ್’ ಶಾಲೆಯಲ್ಲಿ ಏಕವಚನ, ಹೋಮ್ಸ್ ಬಾಯಲ್ಲಿ ವಿಲಕ್ಷಣ. ‘ಪ್ರೆಸೆಂಟ್ಲಿ’ ನಮಗೆ ಈಗ, ಆ ಕಾಲದ ಬರಹದಲ್ಲಿ ಹೆಚ್ಚಾಗಿ ಸ್ವಲ್ಪ ಹೊತ್ತಿನಲ್ಲೇ. ‘ಕೌಂಟನೆನ್ಸ್’ನಲ್ಲಿ ‘ಕೌಂಟ್’ ಕಂಡು ಎಣಿಕೆ ಎಂದುಕೊಳ್ಳಬೇಡಿ, ಅದು ಮುಖಭಾವ.

ಕೊಡಗಿನವರಿಗೆ ಈ ಅಪಾಯ ಇನ್ನೂ ಸ್ವಲ್ಪ ಹೆಚ್ಚು. ಕಾಫಿಯ ದೆಸೆಯಿಂದ ಎಷ್ಟೋ ಇಂಗ್ಲಿಷ್ ಪದಗಳು ನಮ್ಮ ಮನೆಮಾತಾಗಿವೆ. ನಮಗೆ ‘ಎಸ್ಟೇಟ್’ ಎಂದರೆ ತೋಟ. ಈ ಕಾದಂಬರಿಯಲ್ಲಿ ಸತ್ತ ಸರ್ ಚಾರ್ಲ್ಸ್ ಅವರ ‘ಎಸ್ಟೇಟ್’ ಎಷ್ಟು ಬೆಲೆಬಾಳುತ್ತದೆ ಎಂಬ ಮಾತು ಬರುತ್ತದೆ. ಅಲ್ಲಿ ಅದು ಮನೆ, ಜಮೀನು, ಹಣ, ಷೇರು ಎಲ್ಲ ಸೇರಿ ಆತ ಬಿಟ್ಟುಹೋದ ಒಟ್ಟು ಆಸ್ತಿ. ‘ಪಾರ್ಚ್‌ಮೆಂಟ್’ ನಮಗೆ ಪಲ್ಪ್ ಮಾಡಿ ಒಣಗಿಸಿದ ಕಾಫಿ. ಹಳೆಯ ಇಂಗ್ಲಿಷ್ ಕಥೆಗಳಲ್ಲಿ ಬರೆಯಲು ಹದ ಮಾಡಿದ ಚರ್ಮದ ಹಾಳೆ. ‘ರೈಟರ್’ ಎಂದರೆ ನಮ್ಮಲ್ಲಿ ತೋಟದ ಲೆಕ್ಕ ಬರೆಯುವವರು, ಪುಸ್ತಕದಲ್ಲಿ ಬರಹಗಾರ. ಹೀಗೆ ಪರಿಚಿತ ಪದವೊಂದು ವಾಕ್ಯದಲ್ಲಿ ಸರಿಯಾಗಿ ಕೂರುತ್ತಿಲ್ಲ ಎನಿಸಿದ ಕೂಡಲೇ ಅದಕ್ಕೂ ಚುಕ್ಕಿ ಇಡಿ. ನಿಘಂಟಿನಲ್ಲಿ ಮೊದಲನೆಯ ಅರ್ಥಕ್ಕೇ ನಿಲ್ಲದೆ ಮೂರು ನಾಲ್ಕನೆಯದನ್ನೂ ಓದಿ.

ಹಂತ 6: ಒಂದು ಪದಕ್ಕೆ ಅರ್ಧ ಪುಟ

ನೋಟ್‌ಬುಕ್ಕಿನಲ್ಲಿ ‘ಪದ = ಅರ್ಥ’ ಎಂದು ಬರೆದರೆ ಮತ್ತೆ ಪಟ್ಟಿಯೇ ಆಯಿತು. ಪ್ರತಿ ಪದಕ್ಕೂ ಇಷ್ಟು ಬರೆಯಿರಿ: ಸ್ಪೆಲ್ಲಿಂಗ್, ಕನ್ನಡ ಅಕ್ಷರದಲ್ಲಿ ಉಚ್ಚಾರ, ನಿಮ್ಮ ಭಾಷೆಯಲ್ಲಿ ಅರ್ಥ, ಕಾದಂಬರಿಯ ವಾಕ್ಯ, ಪದದ ಜೊತೆಗಾರರು, ಒಕ್ಕದ ಉಳಿದ ಪದಗಳು, ಕೊನೆಗೆ ನಿಮ್ಮ ಸ್ವಂತ ವಾಕ್ಯ.

ನಿಮ್ಮ ಭಾಷೆ ಎಂದೆ, ಕನ್ನಡ ಎನ್ನಲಿಲ್ಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯಾವುದಾದರೂ ಇರಲಿ, ಪದ ಕೇಳಿದ ಕೂಡಲೇ ಮನಸ್ಸಿಗೆ ಬಂದ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಎರಡು ಮೂರು ಭಾಷೆ ಬಲ್ಲವರಿಗೆ ಹೋಲಿಸಿ ನೋಡುವ ಅನುಕೂಲ ಹುಟ್ಟಿನಿಂದಲೇ ಇದೆ.

‘ಡೆಸಲಟ್’ ಪದವನ್ನು ತೆಗೆದುಕೊಳ್ಳೋಣ. ನಿಘಂಟು ‘ನಿರ್ಜನ’ ಎನ್ನುತ್ತದೆ. ರಾತ್ರಿ ಎರಡು ಗಂಟೆಗೆ ಗೋಣಿಕೊಪ್ಪ ಬಸ್‌ಸ್ಟ್ಯಾಂಡೂ ನಿರ್ಜನವೇ. ಅದನ್ನು ‘ಡೆಸರ್ಟೆಡ್’ ಎಂದರೆ ಸಾಕು: ಜನ ಇಲ್ಲ, ಅಷ್ಟೇ. ‘ಡೆಸಲಟ್’ ಎನ್ನಬೇಕಾದರೆ ನೋಡಿದವರ ಎದೆ ಭಣಭಣ ಎನ್ನಬೇಕು. ಮಕ್ಕಳೆಲ್ಲ ಬೆಂಗಳೂರು ಸೇರಿ, ಹಂಚು ಜಾರಿ, ಅಂಗಳದಲ್ಲಿ ಹುಲ್ಲು ಬೆಳೆದ ಐನ್‌ಮನೆಯನ್ನು, ಅಂದರೆ ಮನೆತನದ ಹಳೆಯ ಹಿರಿಮನೆಯನ್ನು ನೆನೆಯಿರಿ. ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ‘ಬಿಕೋ ಎನ್ನುವ’. ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆಯಿರಿ. ಜೊತೆಗಾರರು: ‘ಡೆಸಲಟ್ ಲ್ಯಾಂಡ್‌ಸ್ಕೇಪ್’, ‘ಡೆಸಲಟ್ ಹೌಸ್’. ಒಕ್ಕ: ‘ಡೆಸಲೇಷನ್’. ಸ್ವಂತ ವಾಕ್ಯ ಆ ಐನ್‌ಮನೆಯ ಬಗ್ಗೆಯೇ ಇರಲಿ.

‘ಜೊತೆಗಾರರು’ ಎಂದದ್ದಕ್ಕೆ ಇಂಗ್ಲಿಷಿನಲ್ಲಿ ‘ಕೊಲೊಕೇಷನ್’ ಎನ್ನುತ್ತಾರೆ. ಯಾವ ಪದದೊಡನೆ ಯಾವ ಪದ ರೂಢಿಯಿಂದ ಬರುತ್ತದೆ ಎಂಬುದು. ನಮ್ಮಲ್ಲಿ ಮಳೆ ‘ಹಿಡಿಯುತ್ತದೆ’, ‘ಬಿಡುತ್ತದೆ’. ಇಂಗ್ಲಿಷಿನಲ್ಲಿ ಮಳೆ ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ; ‘ಸೆಟ್ಸ್ ಇನ್’, ‘ಲೆಟ್ಸ್ ಅಪ್’. ಅಲ್ಲಿ ಕಾಫಿ ‘ಸ್ಟ್ರಾಂಗ್’, ಮಳೆ ‘ಹೆವಿ’. ಅದಲು ಬದಲು ಮಾಡಿದರೆ ವ್ಯಾಕರಣ ತಪ್ಪಿರುವುದಿಲ್ಲ, ಆದರೂ ಓದಿದವರಿಗೆ ಎಲ್ಲೋ ಕಲ್ಲು ಸಿಕ್ಕಂತಾಗುತ್ತದೆ. ಮೇಲ್ಮಟ್ಟದ ಪದಗಳಲ್ಲಿ ತಪ್ಪಾಗುವುದು ಹೆಚ್ಚಾಗಿ ಅರ್ಥದಲ್ಲಲ್ಲ, ಈ ಜೊತೆಗಾರಿಕೆಯಲ್ಲಿ.

‘ಇರೋನಿಯಸ್’ ನೋಡಿ. ಮೊದಲ ಅಧ್ಯಾಯದಲ್ಲಿ ಮನೆಗೆ ಬಂದವರು ಮರೆತುಹೋದ ಊರುಗೋಲನ್ನು ನೋಡಿ ಹೋಮ್ಸನ ಗೆಳೆಯ ವಾಟ್ಸನ್ ಒಂದಷ್ಟು ತೀರ್ಮಾನಗಳಿಗೆ ಬರುತ್ತಾನೆ. ಅವುಗಳಲ್ಲಿ ಹೆಚ್ಚಿನವು ‘ಇರೋನಿಯಸ್’ ಎಂದು ಹೋಮ್ಸ್ ಹೇಳುತ್ತಾನೆ. ಇಲ್ಲಿ ತಪ್ಪಾದದ್ದು ತೀರ್ಮಾನ, ವಾಟ್ಸನ್ ಅಲ್ಲ. ಈ ಪದ ‘ಕನ್‌ಕ್ಲೂಷನ್’, ‘ಬಿಲೀಫ್’, ‘ಅಸಂಪ್ಷನ್’, ‘ಎಂಟ್ರಿ’ ಇವುಗಳ ಜೊತೆ ಬರುತ್ತದೆ, ಮನುಷ್ಯರ ಜೊತೆ ಬರುವುದಿಲ್ಲ. ‘ನಾನು ಇರೋನಿಯಸ್’ ಎನ್ನುವಂತಿಲ್ಲ. ಪಹಣಿಯಲ್ಲಿ ನಿಮ್ಮ ಸರ್ವೆ ನಂಬರ್ ತಪ್ಪಾಗಿ ನಮೂದಾಗಿದ್ದರೆ ಅದು ‘ಇರೋನಿಯಸ್ ಎಂಟ್ರಿ’. ಅರ್ಜಿ ಬರೆಯುವಾಗ ನಾಳೆಯೇ ಉಪಯೋಗಕ್ಕೆ ಬರುವ ಪದ.

ಉಚ್ಚಾರದ ಬಗ್ಗೆ ಎರಡೇ ಮಾತು. ನಾವು ಬರೆದಂತೆ ಓದುವ ಜನ, ಇಂಗ್ಲಿಷ್ ಹಾಗಲ್ಲ. ಆಸ್ತಿಯ ವಾರಸುದಾರ ಎಂಬರ್ಥದ ‘ಏರ್’ ಪದ ‘ಎಚ್’ ಅಕ್ಷರದಿಂದ ಶುರುವಾಗುತ್ತದೆ, ಆದರೆ ಹಕಾರ ಉಚ್ಚರಿಸುವುದಿಲ್ಲ. ‘ಮೆಲಂಕಲಿ’ಯ ನಡುವೆ ‘ಸಿಎಚ್’ ಇದೆ, ಅದು ಚಕಾರವಲ್ಲ, ಕಕಾರ. ಹಾಗಾಗಿ ಉಚ್ಚಾರವನ್ನು ಊಹಿಸಿ ಬರೆಯಬೇಡಿ, ಕೇಳಿ ಬರೆಯಿರಿ.

ಹಂತ 7: ಹತ್ತಿರದ ಪದಗಳನ್ನು ಪಕ್ಕಪಕ್ಕ ಇಟ್ಟು ತೂಗಿ

ಮೇಲ್ಮಟ್ಟದ ಪದಸಂಪತ್ತು ಎಂದರೆ ಉದ್ದುದ್ದ ಪದಗಳಲ್ಲ. ಹತ್ತಿರ ಹತ್ತಿರದ ಅರ್ಥಗಳ ನಡುವಿನ ಕೂದಲೆಳೆ ವ್ಯತ್ಯಾಸ ಗೊತ್ತಿರುವುದು. ನಾಲ್ಕೈದು ಅಧ್ಯಾಯ ಮುಗಿದ ಮೇಲೆ ಇದಕ್ಕೆ ಕೈ ಹಾಕಿ. ನನಗೆ ಇಡೀ ಅಭ್ಯಾಸದಲ್ಲಿ ಬಹಳ ಪ್ರೀತಿಯ ಹಂತ ಇದು.

ಪತ್ತೇದಾರಿ ಕಥೆಯಲ್ಲಿ ಊಹೆಗೆ ಸಂಬಂಧಿಸಿದ ಪದಗಳು ಬರದೆ ಇರುವುದಿಲ್ಲ. ‘ಗೆಸ್’, ‘ಸರ್ಮೈಸ್’, ‘ಕಂಜೆಕ್ಚರ್’, ‘ಇನ್‌ಫರ್’, ‘ಡಿಡ್ಯೂಸ್’ ಈ ಐದನ್ನು ಸಾಲಾಗಿ ಬರೆಯಿರಿ. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಬಹುಮಟ್ಟಿಗೆ ಎಲ್ಲಕ್ಕೂ ‘ಊಹಿಸು’ ಸಿಗುತ್ತದೆ. ಅಷ್ಟರಲ್ಲೇ ಬಿಟ್ಟರೆ ಐದು ಪದ ಕಲಿತೂ ಒಂದೇ ಪದ ಕಲಿತಂತೆ.

ಈಗ ಒಂದು ಬೆಳಗ್ಗೆ ತೋಟಕ್ಕೆ ಹೋಗಿದ್ದೀರಿ ಎಂದುಕೊಳ್ಳಿ.

ರಾತ್ರಿ ಏನಾದರೂ ಬಂದಿತ್ತೇ ಎಂದು ಯಾರೋ ಕೇಳಿದರು. ನೀವು ಏನೂ ನೋಡಿಲ್ಲ, ಬಾಯಿಗೆ ಬಂದದ್ದು ಹೇಳಿದಿರಿ. ಅದು ‘ಗೆಸ್’.

ರಾತ್ರಿ ನಾಯಿ ಒಂದೇ ಸಮನೆ ಬೊಗಳಿತ್ತು, ಹಲಸು ಹಣ್ಣಾಗುವ ಕಾಲ ಬೇರೆ. ಆನೆ ಬಂದಿರಬೇಕು ಎನಿಸಿತು. ಸಣ್ಣ ಸುಳಿವಿನ ಮೇಲೆ ಮನಸ್ಸು ಕಟ್ಟಿಕೊಂಡ ಈ ಅನಿಸಿಕೆ ‘ಸರ್ಮೈಸ್’. ನಾವು ಗುಮಾನಿ ಎನ್ನುವುದಕ್ಕೆ ಹತ್ತಿರ.

ಈ ವರ್ಷ ಆನೆ ಈ ಕಡೆ ಹೆಚ್ಚು ಬರುತ್ತಿರುವುದು ಕಾಡಿನಲ್ಲಿ ನೀರು ಕಡಿಮೆಯಾಗಿದ್ದರಿಂದಲೋ ಬೇರೆ ಕಡೆ ದಾರಿ ಮುಚ್ಚಿದ್ದರಿಂದಲೋ ಎಂದು ನಾಲ್ಕು ಜನ ಮಾತಾಡಿಕೊಂಡಿರಿ. ಯಾರ ಹತ್ತಿರವೂ ಪುರಾವೆ ಇಲ್ಲ. ಅದು ‘ಕಂಜೆಕ್ಚರ್’. ಪುರಾವೆ ಸಾಲದ ವಾದ. ಪತ್ರಿಕೆಗಳಲ್ಲಿ ಈ ಪದ ಬಂದರೆ ‘ಇದು ಇನ್ನೂ ಸಾಬೀತಾಗಿಲ್ಲ’ ಎಂಬ ಎಚ್ಚರಿಕೆ ಅದರೊಳಗೆ ಇರುತ್ತದೆ.

ಬೇಲಿ ಹತ್ತಿರ ಹೋದಿರಿ. ಲದ್ದಿ ಬಿದ್ದಿದೆ, ಕಾಫಿ ಗಿಡ ಮುರಿದಿದೆ, ದೊಡ್ಡ ಹೆಜ್ಜೆಯ ಪಕ್ಕ ಸಣ್ಣ ಹೆಜ್ಜೆಯೂ ಇದೆ. ಮರಿಯಾನೆಯೂ ಜೊತೆಗಿತ್ತು ಎಂದು ತಿಳಿದುಕೊಂಡಿರಿ. ಕಣ್ಣಮುಂದಿನ ಗುರುತುಗಳಿಂದ ಕಾಣದ ಸಂಗತಿಗೆ ಹೋದದ್ದು ‘ಇನ್‌ಫರ್’.

ತೋಟಕ್ಕೆ ಇರುವುದು ಎರಡೇ ದಾರಿ. ಒಂದು ಕಡೆಯ ಗೇಟ್ ಮುಚ್ಚಿದೆ, ಹಾಗೆಯೇ ಗಟ್ಟಿಯಾಗಿ ಇದೆ. ಹಾಗಾದರೆ ಆನೆ ಬಂದದ್ದು ಹೊಳೆಯ ಕಡೆಯಿಂದಲೇ. ಇರುವ ಸಂಗತಿಗಳಿಂದ ಬೇರೆ ದಾರಿಯೇ ಇಲ್ಲದಂತೆ ಹೊರಟ ತೀರ್ಮಾನ ‘ಡಿಡ್ಯೂಸ್’. ತರ್ಕಶಾಸ್ತ್ರದಲ್ಲಿ ಇದರ ನಾಮರೂಪವಾದ ‘ಡಿಡಕ್ಷನ್’ಗೆ ಕನ್ನಡದಲ್ಲಿ ನಿಗಮನ ಎನ್ನುತ್ತಾರೆ.

ತರ್ಕಶಾಸ್ತ್ರದ ಕಟ್ಟುನಿಟ್ಟಿನಲ್ಲಿ ನೋಡಿದರೆ ಹೋಮ್ಸ್ ‘ಡಿಡಕ್ಷನ್’ ಎಂದು ಕರೆಯುವ ಎಷ್ಟೋ ತೀರ್ಮಾನಗಳು ನಿಜವಾಗಿ ‘ಇನ್‌ಫರೆನ್ಸ್’ ಮಟ್ಟದವು. ಈ ಕಾದಂಬರಿಯ 4ನೆಯ ಅಧ್ಯಾಯದಲ್ಲಿ, ಹೋಮ್ಸ್ ಬಳಿ ಈ ಪ್ರಕರಣ ತಂದ ಡಾಕ್ಟರ್ ಮಾರ್ಟಿಮರ್ ಇದೆಲ್ಲ ಬರೀ ಊಹಾಪೋಹ ಎಂಬಂತೆ ಮಾತಾಡಿದಾಗ, ಅಲ್ಲ, ನಾವು ಸಾಧ್ಯತೆಗಳನ್ನು ತೂಗಿ ಹೆಚ್ಚು ಸಂಭವನೀಯವಾದದ್ದನ್ನು ಆರಿಸುತ್ತಿದ್ದೇವೆ ಎಂಬ ಅರ್ಥದಲ್ಲಿ ಹೋಮ್ಸ್ ತಿದ್ದುತ್ತಾನೆ. ಆ ಭಾಗವನ್ನು ಎರಡು ಸಲ ಓದಿ. ಪದಗಳ ತೂಕದ ಮೇಲೆಯೇ ಇಬ್ಬರ ನಡುವೆ ಚರ್ಚೆ ನಡೆಯುವುದು ಅಲ್ಲಿ ಕಾಣುತ್ತದೆ.

ಹೀಗೆಯೇ ಮನುಷ್ಯರ ಸ್ವಭಾವ ಹೇಳುವ ಪದಗಳು (‘ಏಮಿಯಬಲ್’ ಸಿಕ್ಕಾಗ ಅದರ ಪಕ್ಕ ‘ಕೈಂಡ್’, ‘ಪೊಲೈಟ್’ ಇಡಿ), ಮಬ್ಬು ಬೆಳಕಿನ ಪದಗಳು, ಭಯದ ಪದಗಳು ಎಂದು ಗುಂಪು ಮಾಡಬಹುದು. ಇಡೀ ಕಾದಂಬರಿಗೆ ಮೂರು ನಾಲ್ಕು ಗುಂಪು ಮಾಡಿದರೆ ಹೆಚ್ಚಾಯಿತು.

ಹಂತ 8: ಮರೆಯುವ ಮೊದಲು ಮತ್ತೆ ನೋಡಿ

ಹೊಸದಾಗಿ ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ಬಹುಪಾಲು ಜಾರಿಹೋಗುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ ತೋರಿಸಿದ್ದರು. ಹಾಗಾಗಿ ನಡುವಿನ ಬಿಡುವನ್ನು ಹಿಗ್ಗಿಸುತ್ತಾ ಮತ್ತೆ ಮತ್ತೆ ನೋಡಬೇಕು.

ಹಳೆಯ ಮದುವೆ ಪತ್ರಿಕೆಗಳನ್ನು ಚೀಟಿಗಳಾಗಿ ಕತ್ತರಿಸಿ. ಒಂದು ಬದಿಗೆ ಪದ ಬಿಟ್ಟು ಖಾಲಿ ಗೆರೆ ಹಾಕಿದ ವಾಕ್ಯ, ಇನ್ನೊಂದು ಬದಿಗೆ ಪದ. ಬರೀ ಪದ ಒಂದು ಕಡೆ, ಅರ್ಥ ಇನ್ನೊಂದು ಕಡೆ ಬರೆಯಬೇಡಿ. ಐದು ಡಬ್ಬಿ ಇಡಿ. ಮೊದಲನೆಯದನ್ನು ದಿನವೂ ತೆಗೆದು ನೋಡಿ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ಸರಿಯಾಗಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸ್. ಸೆಬಾಸ್ಟಿಯನ್ ಲೈಟ್ನರ್ ಎಂಬವರು 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪದ್ಧತಿ ಇದು. ಫೋನಿನಲ್ಲಿ ‘ಆಂಕಿ’ ಎಂಬ ಆ್ಯಪ್ ಇದೇ ತತ್ವದ ಕೆಲಸ ಮಾಡುತ್ತದೆ. ಮಳೆ ಜೋರಾದ ಕಕ್ಕಡದ ತಿಂಗಳಲ್ಲಿ ಕಾಗದಕ್ಕೆ ತೇವ ಹಿಡಿಯುತ್ತದೆ, ಡಬ್ಬಿಗಳು ಮುಚ್ಚಳವಿರುವ ತಗಡಿನವೋ ಪ್ಲಾಸ್ಟಿಕ್ಕಿನವೋ ಆಗಿರಲಿ.

ಹಂತ 9: ಬಳಸಿ, ಆದರೆ ತುರುಕಬೇಡಿ

ವಾರದ ಕೊನೆಗೆ ಹತ್ತು ಸಾಲು ಬರೆಯಿರಿ. ವಿಷಯ ನಿಮ್ಮದೇ ಇರಲಿ: ರಸ್ತೆ ಕುಸಿದದ್ದು, ಕಾಳುಮೆಣಸು ಕೊಯ್ದದ್ದು, ಬಸ್ಸು ಕಾದದ್ದು. ಆ ವಾರದ ಎಂಟರಲ್ಲಿ ಎರಡೋ ಮೂರೋ ಪದ ಸಹಜವಾಗಿ ಬಂದರೆ ಸಾಕು. ಎಂಟನ್ನೂ ಸೇರಿಸಲು ಹೋದರೆ ಬರಹ ಉಸಿರುಗಟ್ಟುತ್ತದೆ.

ಐಇಎಲ್‌ಟಿಎಸ್ ಬರೆಯುವವರು ಇದನ್ನು ವಿಶೇಷವಾಗಿ ಗಮನಿಸಿ. ಬರಹ ಮತ್ತು ಮಾತಿನ ಪರೀಕ್ಷೆಯ ನಾಲ್ಕು ಅಳತೆಗೋಲುಗಳಲ್ಲಿ ಪದಸಂಪತ್ತು ಒಂದು. ಅಲ್ಲಿ ನೋಡುವುದು ಕಷ್ಟದ ಪದಗಳ ಎಣಿಕೆಯನ್ನಲ್ಲ, ಅವು ಸರಿಯಾದ ಜಾಗದಲ್ಲಿ ನಿಖರವಾಗಿ ಬಂದಿವೆಯೇ ಎಂಬುದನ್ನು.

ಪದಕ್ಕೆ ಸಂದರ್ಭದ ಹಂಗೂ ಇದೆ. ಇದಕ್ಕೆ ‘ರಿಜಿಸ್ಟರ್’ ಎನ್ನುತ್ತಾರೆ: ಮಾತು ಯಾರಿಗೆ, ಎಲ್ಲಿ, ಎಷ್ಟು ಗಂಭೀರವಾಗಿ ಎಂಬ ಮಟ್ಟ. ‘ಮೆಲಂಕಲಿ’ ಮಳೆಗಾಲದ ಮಧ್ಯಾಹ್ನದ ವರ್ಣನೆಗೆ ಚೆನ್ನ, ರಜೆ ಅರ್ಜಿಗೆ ಸಲ್ಲದು. ಕರೆಂಟ್ ಬಗ್ಗೆ ದೂರು ಬರೆಯುವಾಗ ‘ನಾಟ್ ಇನ್‌ಫ್ರೀಕ್ವೆಂಟ್’ ಎಂಬ ಮೆದು ಮಾತು ಬೇಡ, ‘ಫ್ರೀಕ್ವೆಂಟ್’ ಎಂದು ನೇರವಾಗಿ ಬರೆಯಿರಿ. ‘ಹೊರತು’ ಎಂಬರ್ಥದ ‘ಸೇವ್’, ‘ವಿಲಕ್ಷಣ’ ಎಂಬರ್ಥದ ‘ಸಿಂಗ್ಯುಲರ್’ ಇವತ್ತಿನ ಮಾತಿನಲ್ಲಿ ಹಳೆಯದಾಗಿ ಕೇಳಿಸುತ್ತವೆ. ಅವು ಓದಿಗೆ ಮಾತ್ರ ಇರಲಿ. ಲರ್ನರ್ಸ್ ಡಿಕ್ಷನರಿಯಲ್ಲಿ ಪದದ ಪಕ್ಕ ‘ಫಾರ್ಮಲ್’, ‘ಲಿಟರರಿ’, ‘ಓಲ್ಡ್-ಫ್ಯಾಶನ್ಡ್’ ಎಂಬ ಗುರುತು ಇರುತ್ತದೆ. ಅದನ್ನು ನೋಡದೆ ಹೊಸ ಪದ ಬಳಸಬೇಡಿ.

ವಾರಕ್ಕೆ ಎಂಟರಂತೆ 15 ವಾರಕ್ಕೆ 120 ಪದ. ಇಷ್ಟೇನಾ ಎಂದು ಹಲವರು ಕೇಳುತ್ತಾರೆ. ಒಕ್ಕದ ಲೆಕ್ಕ ಹಿಡಿದರೆ ಮುನ್ನೂರು ದಾಟುತ್ತದೆ, ಓದುವಾಗ ಗುರುತು ಸಿಗುವವು ಅದಕ್ಕಿಂತಲೂ ಹೆಚ್ಚು. ಈ 120 ಬಾಯಿಗೂ ಕೈಗೂ ಬರುವ ಪದಗಳು ಎಂಬುದನ್ನು ಮರೆಯಬೇಡಿ.

16ನೆಯ ವಾರ ಹೊಸ ಪದ ಬೇಡ. ಮೊದಲ ಅಧ್ಯಾಯವನ್ನು ಮತ್ತೆ ತೆರೆದು, ಜೊತೆಗೆ ಧ್ವನಿಯನ್ನೂ ಹಾಕಿಕೊಂಡು ಓದಿ. ಈಗ ತಿಳಿಯುವ ಪದದ ಕೆಳಗಿನ ಚುಕ್ಕಿಯನ್ನು ರಬ್ಬರಿನಿಂದ ಅಳಿಸುತ್ತಾ ಹೋಗಿ. ಉಳಿದ ಚುಕ್ಕಿಗಳನ್ನು ಒಂದು ಹಾಳೆಗೆ ಇಳಿಸಿ, ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯೊಳಗೆ ಆರಿಸಿಕೊಳ್ಳುವ ಎರಡನೆಯ ಕಾದಂಬರಿಯ ಮೊದಲ ಪುಟದಲ್ಲಿ ಇಡಿ.